ಜೊತೆಗೆ ಏನೇನು ಹೋಗುತ್ತದೆ

ನನ್ನ ಗಂಡ ಶಹಾಬಾದಿನ ಸಾವ್ಕಾರರೊಬ್ಬರ ಹತ್ತಿರ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷಿನ್ನಿನ ಮೇಲೆ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು, ಕಿವಿ ಎಲ್ಲ ಬೆಳ್ಳಗೆ. ಕಾಲು ತೊಳೆಯುವ ಮೊದಲೇ ಕೈಗೊಂದು ಬೆಲ್ಲದ ಹೆಂಟೆ ಕೊಡುತ್ತಿದ್ದೆ. ಬೆಲ್ಲ ತಿಂದರೆ ಧೂಳು ಎದೆಯಲ್ಲಿ ನಿಲ್ಲುವುದಿಲ್ಲ, ಹೊಟ್ಟೆಗಿಳಿದು ಹೋಗುತ್ತದೆ ಎಂಬುದು ನಮ್ಮ ಓಣಿಯ ನಂಬಿಕೆ. ನಾನೂ ನಂಬಿದ್ದೆ. ಅವರ ಕೆಮ್ಮು ಮಾತ್ರ ನಂಬಿರಲಿಲ್ಲ.

ಅವರಿಗೆ ಓದು ಬರುತ್ತಿರಲಿಲ್ಲ. ಉಂಡ ಮೇಲೆ ನಾನು ವಾರಪತ್ರಿಕೆಯ ಕಥೆ ಓದಿ ಹೇಳಬೇಕು. ಒಮ್ಮೆ ಒಂದು ವಿಚಿತ್ರ ಕಥೆ ಬಂತು. ಗಾಜಿನ ಕಪಾಟಿನಂಥ ಯಂತ್ರ. ಅದರೊಳಗೆ ಕುರ್ಚಿ ಹಾಕಿಕೊಂಡು ಕೂತ ವಿಜ್ಞಾನಿ ಇಲ್ಲಿ ಮಾಯವಾಗಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇನ್ನೊಂದು ಊರಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಅಂಗಿ, ಚಷ್ಮಾ, ಗಡಿಯಾರ ಎಲ್ಲ ಅವನ ಜೊತೆ ಬಂದಿವೆ. ಕುರ್ಚಿ ಬಂದಿಲ್ಲ.

"ಕುರ್ಚಿ ಯಾಕ ಉಳೀತು? ಅದೂ ಮೈಗಿ ತಾಗೇ ಇತ್ತಲ್ಲ," ಎಂದರು.

"ಅದು ಅವನ ಸ್ವಂತದ್ದಲ್ಲ, ಅದಕ್ಕ."

"ಹಂಗಂತ ಬರದಾರೇನು?"

ಬರೆದಿರಲಿಲ್ಲ. ಯಾವುದು ಯಾರದೆಂದು ಆ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ ಎಂಬ ಸುದ್ದಿಯನ್ನೇ ಆ ಪುಣ್ಯಾತ್ಮ ಕಥೆಗಾರ ಎತ್ತಿರಲಿಲ್ಲ. ಇವರು ಮಾತ್ರ ಬಿಡಲಿಲ್ಲ. ಎದೆ ಮುಟ್ಟಿಕೊಂಡು ಕೇಳಿದರು.

"ನಾ ಅದರಾಗ ಕುಂತ್ರ ಈ ಧೂಳಾ ನನ್ನ ಜೋಡಿ ಬರ್ತದೋ, ಇಲ್ಲೇ ಉಳೀತದೋ?"

"ಅದು ಸಾವ್ಕಾರರ ಕಲ್ಲಿಂದು. ಇಲ್ಲೇ ಉಳೀತದ ತಗೋರಿ."

ನಕ್ಕರು. ನಗು ಕೆಮ್ಮಾಯಿತು. "ಹಂಗಿದ್ರ ನಾಳಿಗೇ ಕುಂದ್ರಸು. ತೆಂಗಳಿಗಿ, ನಿಮ್ಮಪ್ಪನ ಮನಿಗಿ, ಹಗುರಾಗಿ ಹೋಗ್ತೀನಿ," ಎಂದರು. ಆಮೇಲೆ ಕೆಲಸಕ್ಕೆ ಹೊರಟಾಗೆಲ್ಲ "ನಿನ್ನ ಕಪಾಟು ಬಂತೇನು?" ಎಂದು ಕೇಳುವುದು ರೂಢಿಯಾಯಿತು.

ಮುಂದಿನ ಬೇಸಿಗೆಗೆ ಹಾಸಿಗೆ ಹಿಡಿದರು. ಮಳೆಗಾಲ ಮುಗಿಯುವ ಮೊದಲೇ ಹೋದರು. ನನಗೆ ಅಳು ಬರಲಿಲ್ಲ. ಮನೆ ತುಂಬ ಜನ ಅಳುತ್ತಿದ್ದದ್ದು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಒಲೆಯ ಮೇಲೆ ಸ್ನಾನದ ನೀರು ಕಾದಿದೆಯೇ ಎಂದು ಎರಡು ಸಲ ಬೆರಳದ್ದಿ ನೋಡಿದೆ. ಬಿಸಿ ತಿಳಿಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಮಠದ ಅಯ್ಯನವರು ಒಂದೊಂದೇ ನೋಡಿದರು. ಕೊರಳಿನ ಲಿಂಗ ಇರಲಿ ಎಂದರು, ಹೊಸ ಧೋತರ ಇರಲಿ ಎಂದರು. ಬೆರಳಿನ ಉಂಗುರ, ಸೊಂಟದ ಬೆಳ್ಳಿ ಉಡದಾರ ಬಿಚ್ಚಿಸಿ ನನ್ನ ಕೈಗೆ ಕೊಡಿಸಿದರು.

"ಜೋಡಿ ಹೋಗಬಾರದ್ದು ಇನ್ನೇನರ ಅದ ಏನವ್ವಾ? ಇದ್ರ ಈಗೇ ತಗಸು," ಎಂದರು.

ನಾನು ನನ್ನ ಗಂಡನ ಎದೆ ನೋಡಿದೆ.

"ಏನಿಲ್ರಿ ಅಪ್ಪಾರ," ಎಂದೆ.