ಎರಡು ರಾಜ್ಯದ ಒಂದು ಸೀರೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಈಗಲೂ ಬರುವುದಿಲ್ಲ, ಆಗಂತೂ ಕೇಳಲೇಬೇಡಿ. ಹುಟ್ಟಿದ್ದು ಮಾತ್ರ ಕೂತೇ ಬದುಕುವವರ ನಡುವೆ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಹೆಂಗಸರು ರಾಟೆಯ ಮುಂದೆ ರೇಷ್ಮೆ ಸುತ್ತುತ್ತಾ ಕೂರುತ್ತಿದ್ದರು. ನಾನು ಬೀದಿ ಬಾಗಿಲಿಗೂ ಹಿತ್ತಲಿಗೂ ನಡುವೆ ಅಲೆಯುತ್ತಿದ್ದೆ. "ಕಾಲ್ಗೆ ಚಕ್ರ ಕಟ್ಕಂಡು ಉಟ್ಟವ್ಳೆ ಇವ್ಳು" ಎಂದು ಅಪ್ಪ ಕುಣಿಯೊಳಗಿಂದಲೇ ಬೈಯುತ್ತಿದ್ದ.

ನಮ್ಮ ಮನೆಯ ಹೆಂಗಸರು ಆ ಕುಣಿಗೆ ಇಳಿಯುವಂತಿರಲಿಲ್ಲ. ನೂಲು ಸುತ್ತಬಹುದು, ಮಗ್ಗಕ್ಕೆ ಬಿಗಿದ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಮುಟ್ಟಿಸಿ ಹೊಸೆದು ಸೇರಿಸಬಹುದು. ಲಾಳಿ ಮಾತ್ರ ಗಂಡಸರದು. ಕುಣಿಯ ಮೂಲೆಯಲ್ಲಿ ಒಂದು ಹಳೇ ಇಟ್ಟಿಗೆ ಬಿದ್ದಿರುತ್ತಿತ್ತು. ಒಲೆಗೆ ಆಸರೆಯಾಗುತ್ತದೆಂದು ಅವ್ವ ಅದನ್ನು ಎಷ್ಟು ಸಲ ಎತ್ತಿಕೊಂಡು ಹೋದರೂ ಅಪ್ಪ ಮತ್ತೆ ತಂದು ಅಲ್ಲೇ ಇಡುತ್ತಿದ್ದ. ಯಾಕೆಂದು ಕೇಳಿದರೆ ಲಾಳಿ ಎಳೆಯತೊಡಗುತ್ತಿದ್ದ.

ಅಪ್ಪ ಅಂದರೆ ಬೀದಿಗೆ ಬೀದಿಯೇ ತಲೆ ತಗ್ಗಿಸುತ್ತಿತ್ತು. ಯಾರದಾದರೂ ಸೀರೆಯಲ್ಲಿ ತಪ್ಪಿದೆ ಎಂದು ಜಗಳ ಬಿದ್ದರೆ ಬಟ್ಟೆಯನ್ನು ಅಪ್ಪನ ಮುಂದೆ ತಂದು ಹರಡುತ್ತಿದ್ದರು. ಅವನು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ, ಇದು ಇಂಥವನ ಕೈ, ಇಲ್ಲಿ ಮಗ್ಗದ ಏಟು ಸಡಿಲ ಬಿದ್ದಿದೆ ಎಂದು ಹೇಳಿಬಿಡುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು. ಅಪ್ಪನ ಮಾತು ಸುಳ್ಳಾಗಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಅರವತ್ತರ ದಶಕದ ನಡುವೆ ನನಗೆ ಪ್ರೈಮರಿ ಶಾಲೆಯಲ್ಲಿ ಟೆಂಪರರಿ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಗೆ ಚರಿತ್ರೆ ಹೇಳಿ ಹೇಳಿ ಬಾಯಿಗೆ ರುಚಿ ಹತ್ತಿತು, ದೊಡ್ಡವರಿಗೂ ಹೇಳಬೇಕೆನ್ನಿಸಿತು. ನಮ್ಮ ಬೀದಿಗೆ ಅಂಟಿಕೊಂಡೇ ಪಾರ್ಕು, ಅದರಲ್ಲೊಂದು ರೇಡಿಯೋ ರೂಮು. ಸಂಜೆ ಅಲ್ಲಿಂದ ಹಾರ್ನುಗಳಲ್ಲಿ ಹಾಡು, ವಾರ್ತೆ ಬರುತ್ತಿದ್ದವು. ಊರಿಗೆ ಸಾರಲೆಂದು ಒಂದು ಮೈಕೂ ಇತ್ತು. ರೇಡಿಯೋ ನೋಡಿಕೊಳ್ಳುತ್ತಿದ್ದವರು ಮೆತ್ತಗಿನ ಮನುಷ್ಯ. ನಾನು ಹೋಗಿ ಅವರ ಪ್ರಾಣ ತಿಂದೆ.

"ನಾಯಿ ಇಡಿಯೋರು ಬತ್ತಾರೆ ಅನ್ನಕೆ ಮೈಕ್ ಕೊಡ್ತೀರಿ. ನಿಜವಾದ್ದು ಒಂದು ಕತೆ ಏಳಕೆ ಕೊಡಕಾಗಲ್ವಾ ಸಾ?"

"ಐದೇ ನಿಮ್ಸ ಕಣವ್ವ. ಆಮೇಲೆ ವಾರ್ತೆ ಬಂದ್ಬುಡ್ತದೆ" ಎಂದರು.

ಮೊದಲ ದಿನ ಹೇಳಿದ ಕಥೆ ಯಾರಿಗೂ ಕೇಳಲೇ ಇಲ್ಲ. ಅಷ್ಟೊಂದು ಮಗ್ಗಗಳ ಟಕಟಕದಲ್ಲಿ ನನ್ನ ಗಂಟಲು ಯಾವ ಲೆಕ್ಕ? ಆಗ ಹೊಳೆದದ್ದು ಅಮಾವಾಸ್ಯೆ. ಆ ದಿನ ನೇಕಾರರು ಯಾರೂ ಲಾಳಿ ಮುಟ್ಟುವುದಿಲ್ಲ, ಬೀದಿ ಪೂರ್ತಿ ತಣ್ಣಗಿರುತ್ತದೆ. ಸಾಲದ್ದಕ್ಕೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಜನ ಬಸ್ಸು ಕಾಯುತ್ತಾ ಪಾರ್ಕಿನ ಬೇಲಿಯುದ್ದಕ್ಕೂ ಗಂಟು ಇಳಿಸಿ ಕೂತಿರುತ್ತಾರೆ. ಹೀಗೆ ತಿಂಗಳಿಗೊಂದು ಕಥೆ ಎಂದಾಯಿತು. ಐದು ನಿಮಿಷ ಮಾತಾಡಿ, ಮುಂದಿನ ಅಮಾವಾಸ್ಯೆ ಯಾವಾಗ ಬಂದೀತೆಂದು ಇಡೀ ತಿಂಗಳು ಚಡಪಡಿಸುವುದೇ ನನ್ನ ಬದುಕಾಯಿತು.

ಎರಡು ಕಟ್ಟುಪಾಡು ಹಾಕಿಕೊಂಡಿದ್ದೆ. ಕಥೆ ನಿಜವಾಗಿರಬೇಕು. ಮುಗಿದಾಗ ಬೇಲಿಯ ಕಡೆಯಿಂದ "ಔದಾ!" ಎಂಬ ಒಂದು ಉದ್ಗಾರ ಬರಬೇಕು. ಕೊಳ್ಳೇಗಾಲ ಮದರಾಸಿಗೂ ಯಳಂದೂರು ಮೈಸೂರಿಗೂ ಸೇರಿದ್ದ ಕಾಲದಲ್ಲಿ, ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಬಿಸಿಲೇರುವ ಮುಂಚೆ ಪರರಾಜ್ಯ ತಲುಪುತ್ತಿದ್ದೆವು ಎಂದೆ. "ಔದಾ!" ಎಂದರು. ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನಮ್ಮನ್ನು ಬಿಟ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, ಅದನ್ನು ಕಳಿಸಿದ ನಾವು ಬುಡ್ಡಿದೀಪದಲ್ಲಿ ಉಂಡೆವು ಎಂದೆ. ಬೇಲಿಯಾಚೆಯಿಂದ ಹೊನ್ನೂರಿನ ಒಬ್ಬರು ಎದ್ದು ನಿಂತು, "ನಮ್ಮೂರಲ್ಲಿ ಇವತ್ತೂ ಅಂಗೇ ಉಣ್ತಾವ್ರೆ, ಅದ್ನೂ ಸೇರ್ಸು!" ಎಂದು ಕೂಗಿದರು. ಸೇರಿಸಿದೆ.

ಒಂದು ತಿಂಗಳು ಕಥೆಯೇ ಸಿಗಲಿಲ್ಲ. ನಾನು ಮನೆಯಲ್ಲಿ ಬೆಕ್ಕಿನ ಮರಿ ಹಾಗೆ ಸುತ್ತುವುದನ್ನು ನೋಡಿ ಅಪ್ಪನೇ, "ಯಾಕೆ ಅಂಗೆ ಒದ್ದಾಡ್ತೀಯ? ನನ್ ಸೀರೆ ಕತೆ ಏಳು" ಎಂದ.

ಅದು ಬೀದಿಗೆಲ್ಲ ಗೊತ್ತಿದ್ದ ಕಥೆ. ಐವತ್ತಾರರ ನವೆಂಬರ್ ಒಂದಕ್ಕೆ ನಮ್ಮ ತಾಲ್ಲೂಕು ಮದರಾಸು ಬಿಟ್ಟು ಮೈಸೂರಿಗೆ ಸೇರಿತಲ್ಲ, ಆಗ ಅಪ್ಪನ ಮಗ್ಗದ ಮೇಲೆ ಒಂದು ಸೀರೆ ಇತ್ತು. ಮೈ ಮದರಾಸಿನಲ್ಲಿ ನೇಯ್ದದ್ದು, ಸೆರಗು ಮೈಸೂರಿನಲ್ಲಿ ನೇಯ್ದದ್ದು. "ಕುಣಿ ಬುಟ್ಟು ಏಳ್ದೇನೆ ರಾಜ್ಯ ದಾಟ್ದೋನು ನಾನೊಬ್ನೇ" ಎಂದು ಅಪ್ಪ ಹೇಳುತ್ತಿದ್ದ. ಆ ದಿನ ಹತ್ತು ವರ್ಷದ ನಾನು ಶಾಲೆಯವರು ಕೊಟ್ಟ ಮಿಠಾಯಿ ಚೀಪುತ್ತಾ ಸಾಲಿನಲ್ಲಿ ನಿಂತಿದ್ದೆ, ಮನೆಯಲ್ಲಿ ಏನಾಯಿತೆಂದು ನನಗೇನು ಗೊತ್ತು? ಸೀರೆಯನ್ನು ಅಪ್ಪ ಮಾರಲಿಲ್ಲ. ಟ್ರಂಕಿನಿಂದ ತೆಗೆದು ದೂರದಿಂದ ತೋರಿಸುತ್ತಿದ್ದ, ಯಾರ ಕೈಗೂ ಕೊಡುತ್ತಿರಲಿಲ್ಲ. ಈ ಕಥೆ ಶುರುವಾದರೆ ಅವ್ವ ಮಾತ್ರ ಎದ್ದು ಒಲೆ ಮುಂದೆ ಹೋಗಿಬಿಡುತ್ತಿದ್ದಳು.

ಮೈಕಿನಲ್ಲಿ ಹೇಳಿದೆ. ಅಂಥ "ಔದಾ!" ನನಗೆ ಅದಕ್ಕೂ ಮುಂಚೆ ಬಿದ್ದಿರಲಿಲ್ಲ. ಬೆಟ್ಟದ ಜನ ಅದನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಹೋದರು. ಹನೂರಿನ ಕಾಫಿ ಹೋಟೆಲಿನಲ್ಲಿ ಅದೇ ಮಾತಂತೆ, ಬೆಟ್ಟದ ಮೇಲೆ ಅದೇ ಮಾತಂತೆ. ಅಪ್ಪ ಎದೆ ಉಬ್ಬಿಸಿ ನಡೆದ. ನನಗೂ ಜಂಬ ಬಂದಿತ್ತು, ಯಾಕೆ ಮುಚ್ಚಿಡಲಿ?

ಮುಂದಿನ ಅಮಾವಾಸ್ಯೆಯ ಸಂಜೆ ನಾನು ರೇಡಿಯೋ ರೂಮಿನಲ್ಲಿ ಮೈಕ್ ಹಿಡಿಯುವ ಹೊತ್ತಿಗೆ ಒಬ್ಬ ಹೆಂಗಸು ಗಂಟಿನ ಸಮೇತ ಒಳಗೆ ಬಂದಳು. ಹಣೆಯಲ್ಲಿ ಬೆಟ್ಟದ ವಿಭೂತಿ, ಮೂಗು ಥೇಟ್ ಅಪ್ಪನದು.

"ಗುರ್ತು ಸಿಕ್ನಿಲ್ವಾ ಪುಳ್ಳೇ, ಮಗಾ? ನಿಮ್ಮತ್ತೆ ಕಣೆ" ಎಂದಳು.

ಅಪ್ಪನ ಒಬ್ಬಳೇ ತಂಗಿ. ಬೆಟ್ಟದಾಚೆ ತಮಿಳು ಸೀಮೆಯ ಮೇಟೂರಿನ ಕಡೆಗೆ ಕೊಟ್ಟಿದ್ದರು. ರಾಜ್ಯ ಬದಲಾದ ಆ ದೀಪಾವಳಿಗೆ ತವರಿಗೆ ಬಂದಿದ್ದವಳು ಜಗಳ ಮಾಡಿಕೊಂಡು ಹೋದವಳು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅವಳ ಗಂಡ ಮದರಾಸೇ ಸರಿ ಅಂದ, ಅಪ್ಪ ಮೈಸೂರೇ ಸರಿ ಅಂದ, ಅದಕ್ಕೇ ಮುರಿಯಿತು ಎಂದು ನಮಗೆಲ್ಲ ಹೇಳಿದ್ದರು.

"ಬೆಟ್ಟಕ್ ಬಂದೋರು ನಿನ್ ಕತೆ ನಮ್ಮೂರ್ಗಂಟ ತಂದವ್ರೆ. ನೀ ಏಳಿದ್ದು ಅರ್ಧ. ಮಿಕ್ಕರ್ಧ ನಂದು. ಆ ಮೈಕ್ ಇಲ್ಲಿ ಕೊಡು."

"ಏನದು, ನಂಗೆ ಏಳು ಅತ್ತೆ" ಎಂದೆ. ಹೇಳಿದಳು. ಅವಳು ಇದನ್ನು ಮೈಕಿನಲ್ಲಿ ಹೇಳಿದರೆ ಬಟ್ಟೆಯ ವಿಷಯದಲ್ಲಿ ಅಪ್ಪನ ಮಾತನ್ನು ಇನ್ನು ಯಾರು ನಂಬುತ್ತಾರೆ? ಹೇಳದಂತೆ ತಡೆದರೆ, ನಿಜವಾದ ಕಥೆ ಎಂದು ತಿಂಗಳು ತಿಂಗಳು ಸಾರುವ ನಾನು ಯಾರು? ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೂ ಬಂತು. ರೇಡಿಯೋದವರು ಗಡಿಯಾರ ನೋಡಿ, "ನಿಮ್ಸ ಓಯ್ತಾ ಅದೆ ಕಣವ್ವ" ಎಂದರು. ಮೈಕನ್ನು ಅತ್ತೆಯ ಕೈಗೆ ಕೊಟ್ಟೆ.

"ಎಲ್ರೂ ಕೇಳಿ. ನಾ ಇದೇ ಬೀದಿ ಎಣ್ಣು" ಎಂದು ಶುರು ಮಾಡಿದಳು. "ಆ ಸೀರೆ ನಮ್ಮಣ್ಣ ಅಬ್ಬಕ್ಕೆ ನಂಗೇ ಅಂತ ನೇಯ್ತಿದ್ದ. ಆವತ್ತು ಅವ್ನು ಕುಣೀಲಿ ಕೂತಿರ್ನಿಲ್ಲ. ಬಾವುಟ ಇಡ್ಕಂಡು ಮೆರವಣಿಗೆ ಮುಂದ್ಗಡೆ ಓಗಿದ್ದ. ಸೆರಗು ಅಂಗೇ ನಿಂತಿತ್ತು. ಮಾರ್ನೆಗೆ ಅಮಾಸೆ, ಮಗ್ಗ ಮುಟ್ಟಂಗಿಲ್ಲ. ಅಬ್ಬ ಕಳೆದೋದ್ಮೇಲೆ ಸೀರೆ ತಕಂಡು ಏನ್ ಮಾಡ್ಲಿ? ಆವತ್ತೇ ಕುಣೀಗಿಳಿದು ನಾನೇ ನೇಯ್ದು ಮುಗ್ಸ್ದೆ. ಮೈಸೂರಿನ ಅರ್ಧ ನಂದು!"

ಆಗ ಬೀದಿಯ ಕಡೆಯಿಂದ ಒಂದು ಸದ್ದು ಬಂತು. ಟಕ್, ಟಕ್, ಟಕ್. ಅಮಾವಾಸ್ಯೆಯ ದಿನ ಮಗ್ಗದ ಸದ್ದು! ನನಗೆ ಬುದ್ಧಿ ತಿಳಿದಾಗಿನಿಂದ ಅಂಥದ್ದನ್ನು ಕೇಳಿಯೇ ಇರಲಿಲ್ಲ. ಬೇಲಿಯ ಹತ್ತಿರದ ಜನರೆಲ್ಲ ನಮ್ಮ ಮನೆಯ ಕಡೆ ತಿರುಗಿದರು. ತಂಗಿಯ ದನಿ ಕಿವಿಗೆ ಬೀಳಬಾರದೆಂದು ಅಪ್ಪ ಲಾಳಿ ಎಳೆಯುತ್ತಿದ್ದ. ಏಟು ಜೋರಾಯಿತು, ಇನ್ನೂ ಜೋರಾಯಿತು. ನನಗೆ ಅಳು ಬಂತು.

ಅತ್ತೆ ಆ ಸದ್ದಿಗೆ ಕಿವಿಗೊಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಆಮಾ, ಔದು, ಅದೇ ಏಟು. ನಂಗೆ ಕಲ್ಸಿದ್ದೂ ಅದ್ನೇ. ನಮ್ಮಪ್ಪ ಅನೂರು ಸಂತೆಗೋದಾಗೆಲ್ಲ ಅಣ್ಣ ನನ್ನ ಕದ್ದು ಕುಣೀಗಿಳಿಸ್ತಿದ್ದ. ನನ್ ಕಾಲು ಕೆಳ್ಗಡೆ ತುಳಿಯೋ ಮಣೆಗೆ ಎಟುಕ್ತಿರ್ನಿಲ್ಲ. ಅದ್ಕೆ ಎಲ್ಲಿಂದ್ಲೋ ಒಂದು ಇಟ್ಗೆ ತಂದು ಕಾಲ್ಕೆಳ್ಗೆ ಇಟ್ಟಿದ್ದ. ಕಲ್ಸ್ದೋನೂ ಅವ್ನೇ, ಎಣ್ಣಾಗಿ ಕುಣೀಗಿಳಿದೆ ಅಂತ ಮನೆಯಿಂದ ಆಚೆಗಾಕ್ದೋನೂ ಅವ್ನೇ. ಮದ್ರಾಸೂ ಅಲ್ಲ, ಮೈಸೂರೂ ಅಲ್ಲ. ಇಷ್ಟೇ ನಡೆದಿದ್ದು."

ಮಗ್ಗ ನಿಂತಿತು.

ಯಾರೂ "ಔದಾ" ಎನ್ನಲಿಲ್ಲ. ರೇಡಿಯೋದವರು ವಾರ್ತೆ ಹಾಕುವುದನ್ನೇ ಮರೆತು ನಿಂತಿದ್ದರು. ನಾನು ಅತ್ತೆಯ ಗಂಟು ಎತ್ತಿಕೊಂಡೆ, ಇಬ್ಬರೂ ಮನೆಯ ಕಡೆ ನಡೆದೆವು. ಅಷ್ಟು ಹೊತ್ತಿಗಾಗಲೇ ಬಾಗಿಲಲ್ಲಿ ಬೀದಿಯ ನೇಕಾರರು ಸೇರಿದ್ದರು. ಒಬ್ಬೊಬ್ಬರ ಹೆಬ್ಬೆರಳೂ ತುರಿಸುತ್ತಿತ್ತು. ಆ ಸೀರೆಯನ್ನು ಒಮ್ಮೆ ಮುಟ್ಟಿದರೆ ಸಾಕು, ಕೈ ಎಲ್ಲಿ ಬದಲಾಯಿತೆಂದು ಅವರಿಗೆ ತಿಳಿದುಹೋಗುತ್ತಿತ್ತು. ಅಪ್ಪ ಯಾಕೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ ಎನ್ನುವುದು ನನಗೆ ಆಗ ಅರ್ಥವಾಯಿತು.

ಅಪ್ಪ ಒಳಗಿನಿಂದ ಸೀರೆಯನ್ನು ತೋಳಿನ ಮೇಲೆ ಹರಡಿಕೊಂಡು ಬಂದ. ಯಾರನ್ನೂ ನೋಡಲಿಲ್ಲ. ಎಲ್ಲರ ಜಗಳ ತೀರಿಸುವಾಗ ಮಾಡುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೈಯಿಂದ ಸೆರಗಿನ ಕಡೆಗೆ ಜಾರಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದ.

"ಇಲ್ಲಿಗಂಟ ನಂದು" ಎಂದ. "ಇಲ್ಲಿಂದಾಚೆಗೆ ನನ್ ತಂಗೀದು. ಮುಟ್ಟಿ ನೋಡಿ ಬೇಕಾದ್ರೆ."

ಯಾರೂ ಮುಟ್ಟಲಿಲ್ಲ. ಅಪ್ಪ ಸೀರೆಯನ್ನು ಅತ್ತೆಯ ಹೆಗಲ ಮೇಲೆ ಹಾಕಿ, ಒಳಗಿದ್ದ ಅವ್ವನಿಗೆ, "ಇವ್ಳು ಬೆಟ್ಟ ಇಳಿದು ಬಂದವ್ಳೆ, ಉಂಡವ್ಳೋ ಇಲ್ವೋ ಕೇಳು" ಎಂದ. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು.

ಮಾರನೇ ಬೆಳಿಗ್ಗೆ ಮಗ್ಗದ ಸದ್ದಿಗೆ ಎಚ್ಚರವಾಯಿತು. ಅದೇ ಏಟು. ಅಪ್ಪ ಕೆಲಸಕ್ಕೆ ಕೂತಿದ್ದಾನೆ ಅಂದುಕೊಂಡು ಎದ್ದು ಬಂದರೆ ಅಪ್ಪ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ಕುಣಿಯಲ್ಲಿ ಅತ್ತೆ ಇದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಅಪ್ಪ, "ಇದ್ನೂ ಓಗಿ ಮೈಕಲ್ಲಿ ಸಾರು, ಬಾಯಿಬಡುಕಿ" ಎಂದ. ನಗುತ್ತಾ ಅಡುಗೆಮನೆಗೆ ಹೋದೆ. ಅಲ್ಲಿ ಒಲೆಯ ಪಕ್ಕದಲ್ಲಿ ಆ ಹಳೇ ಇಟ್ಟಿಗೆ ಇತ್ತು. ಬೆಳಿಗ್ಗೆ ಅಪ್ಪನೇ ತಂದುಕೊಟ್ಟ ಎಂದು ಅವ್ವ ಹೇಳಿದಳು.