ಮೂರು ಸಲ ಕುಟ್ಟಿದ ಸದ್ದು

ಅರವತ್ತರ ದಶಕದಲ್ಲಿ ನಾನು ಟೀಚರಾಗಿ ಹೊಸನಗರಕ್ಕೆ ಹೋದಾಗ, ನನಗಿಂತ ಮುಂಚೆ ಅಲ್ಲಿದ್ದ ಮೇಷ್ಟ್ರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಕುರ್ಚಿ, ಅವರ ಬೆತ್ತ, ಅವರ ಮನೆಯ ಮುಂದಿನ ಕೋಣೆ ಮೂರೂ ನನ್ನ ಪಾಲಿಗೆ ಬಂದವು. ಕೋಣೆಯನ್ನು ಬಾಡಿಗೆಗೆ ಕೊಟ್ಟವರು ಅವರ ಹೆಂಡತಿ. ಯಾರ ನೆರಳಿನಲ್ಲೂ ನಿಲ್ಲುವುದಿಲ್ಲ ಎಂಬ ಜಂಬದ ಹುಡುಗಿ ನಾನು. ಬೆತ್ತವನ್ನು ಮೊದಲ ದಿನವೇ ಮೂಲೆಗೆಸೆದೆ.

ಅಲ್ಲಿನ ಮಕ್ಕಳು ಉತ್ತರ ಹೇಳುವ ಮುಂಚೆ ಬೆರಳಿನ ಗೆಣ್ಣಿನಿಂದ ಹಲಗೆಯನ್ನು ಮೂರು ಸಲ ಕುಟ್ಟುತ್ತಿದ್ದರು. ಟಕ್, ಟಕ್, ಸ್ವಲ್ಪ ತಡೆದು ಇನ್ನೊಂದು ಟಕ್. ಮೇಷ್ಟ್ರ ಅಭ್ಯಾಸವಂತೆ. ಮಕ್ಕಳಾಟ ಎಂದು ಗದರಿಸಿ ಸುಮ್ಮನಾದೆ.

ರವಿಕೆ ಹೊಲಿಸಲು ಹೋದರೆ, ಬಟ್ಟೆಗೆ ಕತ್ತರಿ ಹಾಕುವ ಮುಂಚೆ ದರ್ಜಿ ಮೇಜನ್ನು ಕುಟ್ಟಿದ. ಬಡಗಿ ಗರಗಸ ಇಡುವ ಮುಂಚೆ ಕುಟ್ಟಿದ. ನರ್ಸಮ್ಮ ಸೂಜಿ ಚುಚ್ಚುವ ಮುಂಚೆ ಕುಟ್ಟಿದರು. ಎಲ್ಲರೂ ಮೇಷ್ಟ್ರ ಹಳೆಯ ಶಿಷ್ಯರು, ಎಲ್ಲರದೂ ಅದೇ ತಡೆ. ಕೇಳಿದರೆ, "ನಾನ್ಯಾವಾಗ ಕುಟ್ಟಿದ್ನಮ್ಮ?" ಎಂದು ದರ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿದ. ಊರಿಗೆಲ್ಲ ಮೇಷ್ಟ್ರ ದೆವ್ವ ಹಿಡಿದಿದೆ ಎಂದು ಸಾಗರದಲ್ಲಿದ್ದ ಅಮ್ಮನಿಗೆ ತಮಾಷೆಯಾಗಿ ಕಾಗದ ಬರೆದೆ.

ಕೆಲವು ತಿಂಗಳ ಮೇಲೆ ಜ್ವರ ಬಿಡದೆ ತೀರ್ಥಹಳ್ಳಿಯ ಡಾಕ್ಟರರ ಬಳಿ ಹೋದೆ. ಏನಾಗ್ತಿದೆ ಎಂದು ಕೇಳಿದ ಕಾಂಪೌಂಡರ್, ನಾನು ಬಾಯಿ ತೆರೆಯುವಷ್ಟರಲ್ಲೇ ಬೆಚ್ಚಿದ.

"ನೀವೂ ಹೊಸನಗರದಲ್ಲಿ ನಮ್ ಮೇಷ್ಟ್ರ ಹತ್ರ ಓದಿದ್ರಾ?"

"ಇಲ್ಲ. ಅವ್ರ ಮುಖಾನೇ ನೋಡಿಲ್ಲ. ಯಾಕೆ?"

ಅವನು ನನ್ನ ಕೈ ತೋರಿಸಿದ. ಬೆರಳು ಮಡಚಿಕೊಂಡು ಅವನ ಮೇಜಿನ ಮೇಲಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತೆ. ನನ್ನ ಕೈಗೆ ನಾನೇ ಹೆದರಿದ್ದೆ. ಮರುದಿನವೇ ಸಾಗರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದೆ.

ಆರ್ಡರ್ ಬಂತೆಂದು ಹೇಳಿದಾಗ ಮೇಷ್ಟ್ರ ಹೆಂಡತಿ ಒಲೆಯ ಮುಂದೆ ಕುಳಿತರು.

"ಅವ್ರಿಗೆ ಸಣ್ಣೋರಿದ್ದಾಗಿಂದ ಮಾತು ತೊದಲ್ತಿತ್ತು ಕಣಮ್ಮ. ಮೂರು ಸಲ ಕುಟ್ಟಿದ್ರೆ ಬಾಯಿಗೆ ಮಾತು ಬರ್ತಿತ್ತು, ಅಷ್ಟೇ." ಒಲೆಯ ಪಕ್ಕದಲ್ಲಿದ್ದ ಲೋಟವೊಂದನ್ನು ಸೆರಗಿನಿಂದ ಒರೆಸುತ್ತಾ ಹೇಳಿದರು: "ಸಂಜೆ ನೀನು ನೋಟ್‌ಬುಕ್ ತಿದ್ದೋಕೆ ಕೂತಾಗ ಅದೇ ಸದ್ದು ಬರ್ತಿತ್ತು. ನಾನು ಅವ್ರ ಲೋಟಕ್ಕೂ ಕಾಫಿ ಹಾಕಿಡ್ತಿದ್ದೆ. ಇನ್ ಯಾರಿಗ್ ಹಾಕ್ಲಿ?"

ಪ್ರಭಾವ ಎಂಬ ಮಾತನ್ನು ಅಲ್ಲಿಯವರೆಗೆ ದೊಡ್ಡವರ ಭಾಷಣದಲ್ಲಷ್ಟೇ ಕೇಳಿದ್ದೆ. ನಮ್ಮಲ್ಲಿ ಯಾರಿಗೂ ತೊದಲಿರಲಿಲ್ಲ. ಆದರೂ ಕುಟ್ಟುತ್ತಿದ್ದೆವು.

ಸಾಗರದಲ್ಲಿ ಮೂರು ತಿಂಗಳು ಕೈ ಕಟ್ಟಿಕೊಂಡೇ ಪಾಠ ಮಾಡಿದೆ. ಒಂದು ಮಧ್ಯಾಹ್ನ ಲೆಕ್ಕ ಕೊಟ್ಟು ಕಿಟಕಿಯ ಬಳಿ ನಿಂತಿದ್ದೆ. ಬೆನ್ನ ಹಿಂದೆ ಸದ್ದಾಯಿತು. ಟಕ್, ಟಕ್, ಸ್ವಲ್ಪ ತಡೆದು ಟಕ್. ಹೊಸನಗರವನ್ನೇ ಕಾಣದ ಹುಡುಗಿಯೊಬ್ಬಳು ಸ್ಲೇಟು ಹಿಡಿದು ಕುಳಿತಿದ್ದಳು. ನಿಲ್ಲಿಸು ಎಂದು ಗದರಲು ಬಾಯಿ ತೆರೆದೆ. ಒಲೆಯ ಪಕ್ಕದ ಆ ಲೋಟ ನೆನಪಾಯಿತು.

"ಬರಿ ಮಗಾ," ಎಂದೆ.