ಬೋಳು ಕುರಿಗಳಿಗೆ ಕತೆ ಕಟ್ಟಿಕೊಟ್ಟ ಸರ್

ಅವರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಂತೆ. ಬಲಗಣ್ಣು ಮಾತ್ರ ಪೂರ್ತಿ ತೆರೆದು ಎದುರಿಗಿದ್ದವರನ್ನು ಅಳೆಯುತ್ತಿತ್ತು. ಗೋಕಾಕದ ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಲು ಅವರು ಮೊದಲ ದಿನ ನಮ್ಮ ಕ್ಲಾಸಿಗೆ ಬಂದಾಗ ಹಿಂದಿನ ಬೆಂಚಿನಿಂದ ಯಾರೋ, "ಸರ್ ಕ್ಯಾಮೆರಾದಾಗ ಶಾಟ್ ತೆಗ್ಯಾಕತ್ತಾರ, ಅಳಗ್ಯಾಡಬ್ಯಾಡ್ರಿ" ಎಂದ. ಕ್ಲಾಸೇ ನಕ್ಕಿತು.

ಅವರು ಸಿಟ್ಟಾಗಲಿಲ್ಲ. "ಶಾಟ್ ಆಮ್ಯಾಲ ತಮ್ಮಾ. ಮೊದಲ ನಿನಗ ಏನ ಬೇಕಾಗೇತಿ ಹೇಳು" ಎಂದರು.

"ಎಲ್ಲಾರನೂ ನಗಸಬೇಕಾಗಿತ್ರಿ."

"ನಗಸಿದಿ. ಬೇಕಾದ್ದು ಇಷ್ಟ ಲಗೂನ ಸಿಕ್ಕರ ಕತಿ ಅಲ್ಲೇ ಸಾಯತೈತಿ. ಯಾರರ ಅಡ್ಡ ಬರಬೇಕು."

ಹೀಗೆ ಶುರುವಾಯಿತು ನಮಗೆ ಕಥನ ಸಿದ್ಧಾಂತದ ಪಾಠ. ಪುಸ್ತಕದಲ್ಲಿ ಅದು ನಾಲಿಗೆ ಹೊರಳದ ಶಬ್ದಗಳ ರಾಶಿ. ಅವರು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಸಪಾಟಾಗಿ ಸ್ವಲ್ಪ ದೂರ, ಆಮೇಲೆ ಒಂದು ತಗ್ಗು, ಮತ್ತೆ ಸಪಾಟು. "ಎಲ್ಲಾ ಸರಿ ಇರತೈತಿ, ಕೆಡತೈತಿ, ಮತ್ತ ಸರಿ ಆಗತೈತಿ. ಆದ್ರ ನೋಡ್ರಿ, ಎರಡನೇ ಸಪಾಟ ಮೊದಲಿನ ಮಟ್ಟಕ್ಕ ಯಾವತ್ತೂ ಬರೂದಿಲ್ಲ. ಬಂತಂದ್ರ ನೀವು ಸುಳ್ಳ ಹೇಳಾಕತ್ತೀರಿ ಅಂತ ತಿಳೀರಿ."

ಅವರು ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ವರ್ಷಕ್ಕೊಮ್ಮೆ ಅರ್ಜಿ ಹಾಕಿ ಮತ್ತೆ ಒಳಗೆ ಬರಬೇಕಾದ ಮನುಷ್ಯ. ದಡ್ಡಿಯಿಂದ ಹುಕ್ಕೇರಿಗೆ ಒಂದು ಬಸ್ಸು, ಹುಕ್ಕೇರಿಯಿಂದ ಗೋಕಾಕಕ್ಕೆ ಇನ್ನೊಂದು. ಬಸ್ಸಿನಲ್ಲಿ ಕುಳಿತು ಟಿಕೆಟಿನ ಹಿಂಬದಿಗೆ ಅದೇ ಗೆರೆ ಎಳೆಯುತ್ತಿದ್ದರು. ಪಕ್ಕದವರು ಆಡುವ ಜಗಳ, ಸಂಬಂಧ, ಮೈನೋವು ಎಲ್ಲವನ್ನೂ ಆ ಗೆರೆಗೆ ಹೊಂದಿಸಿ ನಮಗೆ ಹೇಳುತ್ತಿದ್ದರು. ಒಮ್ಮೆ ಕಂಡಕ್ಟರ್, "ಏನ್ರಿ ಸರ, ಟಿಕೆಟ್ ಮ್ಯಾಲ ನಾಗರಹಾವ ಬರ್ಯಾಕತ್ತೀರಿ?" ಎಂದು ಕೇಳಿದನಂತೆ. ಅದನ್ನು ಹೇಳಿ ತಾವೇ ಹೆಚ್ಚು ನಕ್ಕರು.

ನಾನು ಮಸಗುಪ್ಪಿಯ ಕುರಿಗಾರರ ಮನೆಯವನು. ಎದುರಿನವನು ಬಾಯಿ ತೆರೆಯುವ ಮೊದಲೇ ಅವನ ಮನಸ್ಸಿನಲ್ಲಿ ಏನಿದೆ ಎಂದು ಹಿಡಿಯುವುದನ್ನು ಸಂತೆಯಲ್ಲಿ ಕಲಿತವನು. ಕಾಲೇಜಿಗೆ ಹೋಗುತ್ತಲೇ ಮದುವೆ ಶೂಟಿಂಗಿನವರ ಹಿಂದೆ ಲೈಟು ಹಿಡಿದು ತಿರುಗುತ್ತಿದ್ದೆ. ಅದರಿಂದ ಕ್ಯಾಮೆರಾ ಕಲಿತೆ, ಹಾಜರಾತಿ ಕಳೆದುಕೊಂಡೆ. ಈ ಹಾಜರಾತಿಯ ಮಾತನ್ನು ನೆನಪಿಡಿರಿ ಎಂದು ನಾನು ಹೇಳಬೇಕಾಗಿಲ್ಲ, ಅದು ತಾನೇ ಬರುತ್ತದೆ.

ಕೊನೆಯ ವರ್ಷ ವಿಶ್ವವಿದ್ಯಾಲಯದ ಕಿರುಚಿತ್ರ ಸ್ಪರ್ಧೆಗೆ ನಮ್ಮ ಕಾಲೇಜಿನಿಂದ ಒಂದು ಚಿತ್ರ ಹೋಗಬೇಕೆಂದಾಯಿತು. ನಾನು ಕುರಿಗಾರನ ಕತೆ ಬರೆದೆ. ಮೇಯಿಸುವ ಜಾಗ ಇಲ್ಲದಾಗಿ ಹಿಂಡು ಮಾರುವ ಕತೆ. ಅದರಲ್ಲಿ ದಪ್ಪ ಮೀಸೆಯ ಒಬ್ಬ ಗೌಡನನ್ನು ಇಟ್ಟಿದ್ದೆ, ಕುರಿಗಾರನನ್ನು ಹೊಡೆದು ಓಡಿಸಲು. ಸರ್ ಓದಿ ಗೌಡನ ಮೇಲೆ ಅಡ್ಡಗೆರೆ ಎಳೆದರು.

"ನಿಮ್ಮೂರಾಗ ಇಂಥಾಂವ ಅದಾನ?"

"ಇಲ್ರಿ."

"ಮತ್ತ ಕುರಿ ಮೇಯಾಕ ಅಡ್ಡ ಬಂದದ್ದು ಏನು?"

"ಕಬ್ಬರಿ. ಹೊಳಿ ದಂಡಿ ತನಕಾ ಕಬ್ಬ ಐತ್ರಿ."

"ಅದನ್ನ ತೋರಸು. ಖಳನಾಯಕಗ ಮೀಸಿ ಇರಬೇಕಂತ ಯಾರ ಹೇಳ್ಯಾರ?"

ಆ ದಿನವೇ ಇನ್ನೊಂದು ಮಾತನ್ನೂ ಹೇಳಿದರು. ಅವರು ತಮ್ಮ ವಿಷಯ ಹೇಳಿದ್ದು ಅದೊಂದೇ ಸಲ. ಮುಂದಿನ ವರ್ಷಕ್ಕೆ ವಿಭಾಗದಲ್ಲಿ ಇಬ್ಬರು ಅತಿಥಿಗಳ ಬದಲು ಒಬ್ಬರೇ ಎಂದು ಸುದ್ದಿ ಇತ್ತು. ಯಾರ ಕೆಲಸಕ್ಕೆ ಕಾಗದದ ಸಾಕ್ಷಿ ಇದೆಯೋ ಅವರು ಉಳಿಯುತ್ತಾರೆ. "ಸ್ಪರ್ಧಾದಾಗ ಗೆದ್ದರ ಪ್ರಮಾಣಪತ್ರದ ಮ್ಯಾಲ ಮಾರ್ಗದರ್ಶಕರ ಹೆಸರ ಬರತೈತಿ. ನನಗ ಅದು ಬೇಕಾಗೇತಿ ತಮ್ಮಾ. ನಾಚಿಕಿ ಬಿಟ್ಟ ಹೇಳಾಕತ್ತೇನಿ." ಹಾಗೆನ್ನುವಾಗ ತೆರೆದ ಕಣ್ಣೂ ನೆಲ ನೋಡುತ್ತಿತ್ತು.

ನಮ್ಮ ಕಾಕಾನೇ ನಟ, ಕಾಕಾನ ಹಿಂಡೇ ಹಿಂಡು. ಕಾಕಾ ಒಂದು ಷರತ್ತು ಹಾಕಿದ. "ಸಿನಿಮಾದಾಗ ಮಾರತೇನಿ, ಖರೇನ ಮಾರಾಂವಲ್ಲ. ಊರಾಗ ಯಾರರ ಕೇಳಿದ್ರ ನೀನ ಹೇಳಬೇಕ ಮಗನ." ಆ ವಾರವೇ ಉಣ್ಣೆ ಕತ್ತರಿಸುವ ದಿನ ಬಂತು. ನಮ್ಮಲ್ಲಿ ಅದು ಒಬ್ಬರ ಕೆಲಸವಲ್ಲ. ಹಿಂದಿನ ದಿನ ಕುರಿಗಳನ್ನು ಹೊಳೆಗಿಳಿಸಿ ಮೈ ತೊಳೆಯುತ್ತಾರೆ. ಮರುದಿನ ಸುತ್ತಲಿನ ಹಟ್ಟಿಯವರು ಕತ್ತರಿ ಹಿಡಿದು ಬರುತ್ತಾರೆ. ಇಂದು ಅವರು ನಮ್ಮ ಹಟ್ಟಿಗೆ, ನಾಳೆ ನಾವು ಅವರ ಹಟ್ಟಿಗೆ. ಕೂಲಿಯಿಲ್ಲ, ಹೊಟ್ಟೆತುಂಬ ಊಟ. ಕತ್ತರಿಸುತ್ತ ಹಾಡು, ಒಬ್ಬರನ್ನೊಬ್ಬರು ಕಾಡುವ ಮಾತು. ನನ್ನ ಕಣ್ಣಿಗೆ ಅದು ಪುಕ್ಕಟೆ ಸಿಕ್ಕ ಹತ್ತು ಮಂದಿ ನಟರು. ಬಿಡುತ್ತೇನೆಯೇ? ನನ್ನ ಕತೆ ಮುಗಿಯುವುದು ಕೊನೆಯ ಸಲ ಉಣ್ಣೆ ಕತ್ತರಿಸಿ ಹಿಂಡು ಮಾರುವಲ್ಲಿ; ಆ ಕೊನೆಯ ದೃಶ್ಯ ಮೊದಲೇ ಮುಗಿಯಿತೆಂದು ಇಡೀ ದಿನ ಶೂಟ್ ಮಾಡಿದೆ.

ವಾರದ ಮೇಲೆ ಕತೆಯ ಮೊದಲ ಭಾಗ ತೆಗೆಯಲು ಹೋದಾಗ ಕುರಿಗಳೆಲ್ಲ ಬೋಳಾಗಿ ನಿಂತಿದ್ದವು. ಮೊದಲ ದೃಶ್ಯದಲ್ಲಿ ಬೋಳು, ಕೊನೆಯಲ್ಲಿ ಮೈತುಂಬ ಉಣ್ಣೆ! ಕುರಿಗಾರನ ಮಗನಿಗೇ ಅದು ಹೊಳೆದಿರಲಿಲ್ಲ. ಕಾಕಾ ಹೊಟ್ಟೆ ಹಿಡಿದು ನಕ್ಕ. "ಉಣ್ಣಿ ಬರಾಕ ಆರ ತಿಂಗಳ ಬೇಕು. ಅಲ್ಲಿತನಕಾ ಅವಕ್ಕ ಸ್ವೆಟರ್ ಹಾಕಸ್ತಿ ಏನಲೇ?" ಚಿತ್ರ ಕಳಿಸಲು ಉಳಿದದ್ದು ಮೂರು ವಾರ.

ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಸರ್ ಅವರನ್ನು ಹಿಡಿದೆ. ಅವರು ಬಸ್ಸು ಬಿಟ್ಟರು, ಅದರ ಹಿಂದಿನದನ್ನೂ ಬಿಟ್ಟರು. ಎಲ್ಲ ಕೇಳಿ, ಟಿಕೆಟಿನ ಮೇಲೆ ಗೆರೆ ಎಳೆದು, ಟಿಕೆಟ್ಟನ್ನೇ ತಿರುಗಿಸಿ ಹಿಡಿದರು.

"ನಡದದ್ದ ಬ್ಯಾರೆ, ಹೇಳೂದ ಬ್ಯಾರೆ. ನಡದ ಹಂಗ ಹೇಳಬೇಕಂತ ಕಾಯ್ದೆ ಇಲ್ಲ. ಬೋಳ ಕುರಿ ಮೊದಲ ತೋರಸು. ಕಬ್ಬ ತೋರಸು. ಮಾರೂದ ತೋರಸು. ಹಿಂಡ ಹೋತು, ಹಟ್ಟಿ ಖಾಲಿ. ಆಮ್ಯಾಲ ಕಡಿಗೆ ಉಣ್ಣಿ ಕತ್ತರಸೂ ದಿನ ಹಾಕು. ನಿಮ್ಮ ಕಾಕಾ ನಗಾಕತ್ತಾನ, ಹಾಡಾಕತ್ತಾನ. ಅವಗ ಇನ್ನೂ ಗೊತ್ತಿಲ್ಲ. ನೋಡಾವ್ರಿಗೆ ಗೊತ್ತೈತಿ. ಅಷ್ಟ ಸಾಕು."

ಕತೆಗೆ ಹೊಸದಾಗಿ ಒಂದು ದೃಶ್ಯವನ್ನೂ ಸೇರಿಸದೆ, ಹಿಂದೆ ಮುಂದೆ ಮಾಡಿದ್ದರಲ್ಲೇ ಚಿತ್ರ ನಿಂತುಬಿಟ್ಟಿತು. ಉಳಿದ ಭಾಗದ ಶೂಟಿಂಗಿಗೆಂದು ಅವರು ಮೂರು ರವಿವಾರ ಮಸಗುಪ್ಪಿಗೆ ಬಂದರು. ನಾನು ಗಡಿಬಿಡಿಯಲ್ಲಿ ಕಟ್ ಎಂದಾಗಲೆಲ್ಲ, "ಇನ್ನೊಂದೀಟ ನಿಲ್ಲು, ಕಾಕಾನ ಮುಖ ಇನ್ನೂ ಮುಗದಿಲ್ಲ" ಎನ್ನುತ್ತಿದ್ದರು. ಚಿತ್ರದ ಕೊನೆಗೆ ನಾನು ಕಾರ್ಡು ಹಾಕಿದೆ: ಮಾರ್ಗದರ್ಶನ, ಕೆಳಗೆ ಅವರ ಹೆಸರು.

ಕಳಿಸುವ ಮುನ್ನಾದಿನ ವಿಭಾಗದ ಮುಖ್ಯಸ್ಥರು ಕರೆದರು. ಅವರು ಕಾಯಂ ನೌಕರರು. ಚಿತ್ರ ನೋಡಿದರು, ಮೆಚ್ಚಿದರು, ಆಮೇಲೆ ಹಾಜರಿ ಪುಸ್ತಕ ತೆರೆದರು. "ನಿನ್ನ ಹಾಜರಿ ನೋಡೀದಿ? ಪರೀಕ್ಷಾಕ್ಕ ಕುಂದರಾಕ ಬರೂದಿಲ್ಲ." ಅಷ್ಟೇ ಹೇಳಿದರು. ಏನು ಬೇಕೆಂದು ಕೇಳಲಿಲ್ಲ. ಕೇಳುವವರೆಗೆ ಕಾಯುವ ಮನುಷ್ಯ ನಾನಲ್ಲ. "ಸರ್, ಮಾರ್ಗದರ್ಶನದ ಹೆಸರ ಇನ್ನೂ ಹಾಕಿಲ್ರಿ" ಎಂದೆ. ಹೆಸರಿದ್ದ ಕಾರ್ಡನ್ನು ಇಬ್ಬರೂ ಆಗಷ್ಟೇ ನೋಡಿದ್ದೆವು. ಮುಖ್ಯಸ್ಥರು ಪುಸ್ತಕ ಮುಚ್ಚಿದರು.

ಚೌಕಾಸಿ ಮಾಡುವವರಿಗೆ ನನ್ನದೊಂದು ಮಾತು. ನೀವು ಬಿಟ್ಟುಕೊಡುತ್ತಿರುವುದು ನಿಮ್ಮದೋ ಅಲ್ಲವೋ ಮೊದಲು ನೋಡಿಕೊಳ್ಳಿರಿ. ನಾನು ನೋಡಿಕೊಳ್ಳಲಿಲ್ಲ. ಆ ದಿನ ಗೆದ್ದೆನೆಂದೇ ತಿಳಿದು ಹೊರಗೆ ಬಂದು ಚಹಾ ಕುಡಿದೆ.

ಚಿತ್ರಕ್ಕೆ ಬಹುಮಾನ ಬಂತು. ಕಾಲೇಜಿನ ಸಭಾಂಗಣದಲ್ಲಿ ಎಲ್ಲರಿಗೂ ತೋರಿಸಿದರು. ಸರ್ ನನ್ನ ಪಕ್ಕದಲ್ಲೇ ಕುಳಿತಿದ್ದರು. ಕಾಕಾನ ನಗು ಮುಗಿದು ಕಾರ್ಡು ಬಂತು, ಮುಖ್ಯಸ್ಥರ ಹೆಸರು ಪರದೆಯ ಮೇಲೆ ನಿಂತಿತು, ಹೋಯಿತು. ನಾನು ಅವರ ಕಡೆ ನೋಡಲಿಲ್ಲ. ದೀಪ ಹತ್ತಿದ ಮೇಲೆ ಅವರೇ ನನ್ನ ಭುಜ ಮುಟ್ಟಿದರು. "ಎಡಿಟಿಂಗ್ ಚಲೋ ಮಾಡೀದಿ" ಎಂದರು. ಮುಂದಿನ ವರ್ಷ ಉಳಿದದ್ದು ಇನ್ನೊಬ್ಬ ಅತಿಥಿ.

ನಾನು ಪರೀಕ್ಷೆಗೆ ಕುಳಿತೆ, ಆಮೇಲೆ ಘಟಪ್ರಭಾ ಊರಿನಲ್ಲಿ ಸ್ಟುಡಿಯೋ ಹಾಕಿದೆ. ಬಾಜೂ ಅಂಗಡಿಯವನು ಡ್ರೋನ್ ತೋರಿಸಿ ಗಿರಾಕಿ ಹಿಡಿಯುತ್ತಾನೆ. ನಾನು ಒಂದೇ ಮದುವೆಯ ಮೊದಲ ಎರಡು ನಿಮಿಷ ತೋರಿಸುತ್ತೇನೆ. ಮಗಳು ಹೋದ ಮೇಲಿನ ಖಾಲಿ ಅಂಗಳ, ಒಬ್ಬನೇ ಚಪ್ಪರದ ಹಗ್ಗ ಬಿಚ್ಚುವ ತಂದೆ, ಆಮೇಲೆ ಅರಿಷಿಣದ ಗದ್ದಲ. ಹೆಣ್ಣಿನ ಕಡೆಯವರು ಅಲ್ಲೇ ಕಣ್ಣೊರೆಸಿಕೊಂಡು ತಾರೀಖು ಬರೆಸಿ ಹೋಗುತ್ತಾರೆ. ಈ ಸೀಮೆಯಲ್ಲಿ ನನ್ನ ಹೆಸರು ನಡೆಯುವುದು ಆ ಎರಡು ನಿಮಿಷದಿಂದ. ಅದು ಯಾರದೆಂದು ಗಿರಾಕಿಗಳಿಗೆ ಗೊತ್ತಿಲ್ಲ.

ಸರ್ ಹುಕ್ಕೇರಿಯ ಕಡೆ ಒಂದು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಚೀಟಿ ಬರೆಯುತ್ತಿದ್ದಾರೆಂದು ತಿಳಿದಾಗ ನಾಲ್ಕು ವರ್ಷ ಕಳೆದಿತ್ತು. ಹೋದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲಿನ ನಡುವೆ, ಕಿಟಕಿಯ ಹಿಂದೆ ಕುಳಿತಿದ್ದರು. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಹೊರಗೆ ಬಂದರು. ತಾವೇ ಚಹಾ ಹೇಳಿದರು.

"ಸರ್, ಆ ಚಿತ್ರ ಮೊಬೈಲಿನ್ಯಾಗ ಮಂದಿ ಇನ್ನೂ ನೋಡ್ತಾರ್ರಿ. ಹೆಸರ ಬದಲಿ ಮಾಡಿ ಮತ್ತ ಹಾಕ್ತೇನ್ರಿ. ಒಂದ ತಾಸಿನ ಕೆಲಸ."

ಅವರು ಲೋಟದ ಚಹಾ ಪೂರ್ತಿ ಕುಡಿದರು.

"ಬೇಕಾದಾಗ ಬೇಕಾಗಿತ್ತು ತಮ್ಮಾ. ಈಗ ಹಾಕಿದ್ರ ನನಗ ನೌಕರಿ ಬರೂದಿಲ್ಲ, ನಿನಗ ಹಗರ ಆಗತೈತಿ ಅಷ್ಟ. ನೀ ಮಾಡಿದ್ದಕ್ಕ ಒಂದು ಚಂದನ ಮುಕ್ತಾಯ ಬೇಕಂತ ಬಂದೀದಿ. ಅದಕ್ಕ ನನ್ನ ಹೆಸರ ಕೊಡೂದಿಲ್ಲ. ಎಲ್ಲೂ ಹಾಕಬ್ಯಾಡ, ಯಾರ ಮುಂದೂ ಹೇಳಬ್ಯಾಡ."

ಒರಟಾಗಿ ಹೇಳಲಿಲ್ಲ. ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದರು. ಚಹಾದ ಲೋಟ ಕೆಳಗಿಟ್ಟು ಒಳಗೆ ಹೋದರು. ಮುಂದಿನ ಟ್ರ್ಯಾಕ್ಟರು ಹಾರ್ನ್ ಹೊಡೆಯುತ್ತಿತ್ತು. ಈ ಬರಹದಲ್ಲಿ ಅವರ ಹೆಸರು ಇಲ್ಲದಿರುವುದು ಅದಕ್ಕೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕಾಮಾಲೆ ಎಂದರು, ತಡವಾಗಿ ತೋರಿಸಿದರು ಎಂದರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ದಡ್ಡಿಯಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಮೂಡಲಗಿಯ ಒಂದು ಕಾಲೇಜಿನವರು ಕಿರುಚಿತ್ರದ ಬಗ್ಗೆ ಮಾತನಾಡಲು ನನ್ನನ್ನು ಕರೆದರು. ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ, ಈಗ ನಿವೃತ್ತರಾಗಿರುವ ಅದೇ ಮುಖ್ಯಸ್ಥರು. ನಮ್ಮ ಚಿತ್ರವನ್ನು ತೋರಿಸಿದರು. ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ನಗೂ ದಿನಾನ ಕಡಿಗೆ ಇಡಬೇಕಂತ ನಿಮಗ ಹೆಂಗ ಹೊಳೀತ್ರಿ?"

"ನನಗ ಹೊಳೀಲಿಲ್ಲವ್ವಾ. ನಮ್ಮ ಸರ್ ಹೇಳಿದ್ರು" ಎಂದೆ.

ಹುಡುಗಿಯ ಮುಖ ಅರಳಿತು. ಅವಳು ನನ್ನ ಪಕ್ಕದ ಕುರ್ಚಿಯ ಕಡೆ ತಿರುಗಿ ಕೈಮುಗಿದಳು. ಮುಖ್ಯಸ್ಥರು ಹೆಗಲ ಶಾಲು ಸರಿಮಾಡಿಕೊಂಡು, ನಕ್ಕು, ಕೈ ಎತ್ತಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಇವರಲ್ಲ ಎನ್ನಲು ಯಾರ ಹೆಸರನ್ನೂ ಹೇಳಬೇಕಾಗಿರಲಿಲ್ಲ. ಮೈಕು ನನ್ನ ಕೈಯಲ್ಲೇ ಇತ್ತು. ಮುಂದಿನ ಪ್ರಶ್ನೆ ಯಾರದು ಎಂದು ಕೇಳಿದೆ.